ತೇರಿ ಜಬೀನ್

ಮುಕ್ತಾರನಿಗೆ ಯಾವಳೋ ಗಂಟುಬಿದ್ದಿದ್ದಾಳೆ ಎಂಬುದರಲ್ಲಿ ಸಬೀರಾಳಿಗೆ ಎಳ್ಳಷ್ಟೂ ಸಂದೇಹ ಉಳಿದಿರಲಿಲ್ಲ. ಹೆಸರು ಸಮೇತ ಗೊತ್ತಾಗಿತ್ತು. ಜಬೀನ್.

ಮುಕ್ತಾರ್ ಎಂದರೆ ಅವಳ ಗಂಡ, ಆರ್.ಟಿ. ನಗರದಲ್ಲಿ ಇನ್ವರ್ಟರ್ ಬ್ಯಾಟರಿ ಅಂಗಡಿ ಇಟ್ಟುಕೊಂಡವನು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಗೆ ಒಂದು ನಯವಾದ ಮಾತು ಆಡಿದವನಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ, ಅವನ ಹೊಗಳಿಕೆ ಅಷ್ಟಕ್ಕೇ ಮುಗಿಯುತ್ತಿತ್ತು. ಅಂಥ ಮಹಾನುಭಾವ ಈಗ ದಿನಾ ಸಂಜೆ ಶಟರ್ ಎಳೆದು ಬಂದವನೇ ಚಹಾ ಕೂಡ ಕುಡಿಯದೆ ತಾರಸಿ ಹತ್ತಿ, ಬಾಗಿಲು ಮುಂದೆ ಮಾಡಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದು ಪಿಸುಗುಡುತ್ತಿದ್ದ. ಯಾವ ಹೆಂಗಸು ತಾನೇ ಸುಮ್ಮನಿದ್ದಾಳು?

ಶಾಯರಿಯ ಹುಚ್ಚು ಹಿಡಿದಿದೆ ಎಂಬುದೇನೋ ಅವಳಿಗೆ ಗೊತ್ತಿತ್ತು. ಬೇಸಗೆಯಲ್ಲಿ ಒಬ್ಬನೇ ಮಗ ರಯ್ಯಾನ್ ಹೆಬ್ಬಾಳದ ಫ್ಲೈಓವರ್ ಮೇಲೆ ಬೈಕ್ ಅಪಘಾತದಲ್ಲಿ ತೀರಿಕೊಂಡ. ಮುಕ್ತಾರ್ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವನ ಗಿರಾಕಿ ಮುಜಫ್ಫರ್ ಸಾಹೇಬರು ನಿವೃತ್ತ ಉರ್ದು ಮೇಷ್ಟ್ರು. ಅಳು ಬಾರದಿದ್ದರೆ ಎರಡು ಸಾಲು ಕಟ್ಟು, ನಾನು ತಿದ್ದಿಕೊಡುತ್ತೇನೆ ಎಂದರಂತೆ. ಮುಕ್ತಾರ್ ಓದಿದ್ದು ಕನ್ನಡ ಮೀಡಿಯಂ, ಆಡುವುದು ಮನೆಯ ದಖನಿ, ಉರ್ದು ಅಕ್ಷರದ ಗಂಧವಿಲ್ಲ. ಹಾಗಾಗಿ ಬಾಯಲ್ಲೇ ಕಟ್ಟಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದ, ಮುಜಫ್ಫರ್ ಉಸ್ತಾದರು ತಿದ್ದಿ ವಾಪಸ್ ಕಳಿಸುತ್ತಿದ್ದರು. ಇದನ್ನೆಲ್ಲ ಸಬೀರಾ ನಂಬಿದ್ದಳು, ತಾರಸಿಯ ಬಾಗಿಲಿಗೆ ಕಿವಿ ಕೊಡುವ ತನಕ.

ಮುತ್ತಿಟ್ಟು ಬಂದೆ ಎಂದೇನೋ ಮೊದಲು ಕೇಳಿಸಿತು. ಆಮೇಲೆ ಸ್ಪಷ್ಟವಾಗಿ, ತೇರಿ ಜಬೀನ್. ನಿನ್ನ ಜಬೀನ್. ಮುಂದಿನ ಸಾಲಿನ ಕೊನೆಗೂ ಅದೇ, ಅದರ ಮುಂದಿನದಕ್ಕೂ ಅದೇ. ಪ್ರೇಮಪತ್ರದ ಕೆಳಗೆ ಸಹಿ ಹಾಕುತ್ತಾರಲ್ಲ, ಹಾಗೆ. ಆ ಜಬೀನ್ ಎಂಬವಳು ಬರೆದು ಕಳಿಸಿದ್ದನ್ನು ಈ ಮನುಷ್ಯ ಬಾಯಿಪಾಠ ಮಾಡುತ್ತಿದ್ದಾನೆ ಎಂದು ಸಬೀರಾ ತೀರ್ಮಾನಿಸಿಬಿಟ್ಟಳು.

ಜಬೀನ್ ಯಾರೆಂದು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ರಸ್ತೆಯಲ್ಲೇ ಒಬ್ಬಳಿದ್ದಳು, ಗಂಡ ಬಿಟ್ಟವಳು, ಬಟ್ಟೆ ಹೊಲಿಯುವವಳು. ಸಬೀರಾ ಒಂದು ಚೂಡಿದಾರದ ಬಟ್ಟೆ ಹಿಡಿದು ಹೋದಳು. ಅಳತೆ ಕೊಡುವ ನೆಪದಲ್ಲಿ ಅವಳ ಅಳತೆಯನ್ನೇ ತೆಗೆದುಕೊಂಡಳು. ಕಣ್ಣಿಗೆ ಸುರ್ಮಾ, ಕೈತುಂಬ ಬಳೆ. ಯಾರು ನೋಡಲಿ ಅಂತ? ಜಬೀನ್ ಟೇಪು ಸುತ್ತಿಡುತ್ತಾ, ಭಾಯಿ ಹೇಗಿದ್ದಾರೆ ಎಂದು ಕೇಳಿದಳು. ಮೊನ್ನೆ ಇನ್ವರ್ಟರ್ ನೋಡಲು ಬಂದಿದ್ದರು, ಪಾಪ, ಬಾಯೇ ಬಿಡಲಿಲ್ಲ ಎಂದಳು. ಬಂದಿದ್ದನಂತೆ! ಮನೆಯಲ್ಲಿ ಆ ಮಾತೇ ಎತ್ತಿರಲಿಲ್ಲ.

ವಾಪಸ್ ಬರುವಾಗ ಸಬೀರಾಳಿಗೆ, ಗಂಡ ಇನ್ನೊಬ್ಬಳನ್ನು ನೋಡಿದ ಎಂಬ ಸಿಟ್ಟಿಗಿಂತ, ಒಟ್ಟಿಗೆ ಕೂತು ಅಳಬೇಕಾದ ಹೊತ್ತಿನಲ್ಲಿ ತನ್ನೊಬ್ಬಳನ್ನೇ ಬಿಟ್ಟುಹೋದ ಎಂಬ ಸಂಕಟ ದೊಡ್ಡದಾಗಿತ್ತು. ಈ ಮನೆಯವರು ತನ್ನಿಂದ ಮುಚ್ಚಿಡುವುದು ಹೊಸದೇನಲ್ಲ ಎಂದೂ ಅನಿಸಿತು. ಆವತ್ತು ರಯ್ಯಾನನನ್ನು ಮನೆಗೇ ತರಲಿಲ್ಲ. ಪೋಸ್ಟ್‌ಮಾರ್ಟಂ ತಡವಾಯಿತು, ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕು ಎಂದು ಗಂಡಸರು ಆಸ್ಪತ್ರೆಯಿಂದ ನೇರ ಖಬರಸ್ತಾನಕ್ಕೆ ಒಯ್ದರು. ಹೆತ್ತವಳಿಗೆ ಕೊನೆಯ ಸಲ ಮುಖ ಸಿಗಲಿಲ್ಲ. ನಿದ್ದೆ ಮಾಡುವ ಹಾಗಿತ್ತು ಕಣೇ ಎಂದು ಮುಕ್ತಾರ್ ಹೇಳಿದ್ದ. ಹೇಳುವಾಗ ಗೋಡೆ ನೋಡುತ್ತಿದ್ದ.

ಅವಳು ಬ್ಯಾಗಿಗೆ ನಾಲ್ಕು ಬಟ್ಟೆ ತುರುಕಿ, ಅಬ್ಬಿಗೆರೆಯ ಅಣ್ಣನಿಗೆ ಬರುತ್ತೇನೆಂದು ಫೋನ್ ಮಾಡಿ, ತಾರಸಿ ಹತ್ತಿದಳು. ಮುಕ್ತಾರ್ ಟ್ಯಾಂಕಿನ ಪಕ್ಕ ನಿಂತು ಅದೇ ಜಪ ಮಾಡುತ್ತಿದ್ದ.

"ಯಾರ್ರೀ ಅವಳು ಜಬೀನ್?"

ಅವನಿಗೆ ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಸುರಿದಳು. ಮುತ್ತು, ಸಹಿ, ಸುರ್ಮಾ, ಇನ್ವರ್ಟರ್. ನಾನು ಅಣ್ಣನ ಮನೆಗೆ ಹೋಗುತ್ತೇನೆ, ನೀವು ಅವಳನ್ನೇ ಇಟ್ಟುಕೊಳ್ಳಿ ಎಂದಳು. ಮುಕ್ತಾರ್ ಎರಡು ಬೆರಳಿನಿಂದ ತನ್ನ ಹಣೆ ಮುಟ್ಟಿಕೊಂಡ.

"ಜಬೀನ್ ಅಂದ್ರೆ ಇದು ಕಣೇ. ಹಣೆ. ನಾನು ನಮ್ಮನೆ ಮಾತಲ್ಲಿ ಮಾಥಾ ಅಂತಾನೇ ಕಟ್ಟಿದ್ದೆ. ಅದು ಬಜಾರ್ ಮಾತು, ಗಜಲ್‌ಗೆ ಸಲ್ಲಲ್ಲ ಅಂತ ಉಸ್ತಾದ್ರು ತಿದ್ದಿದ್ರು."

ಸಬೀರಾ ಟ್ಯಾಂಕಿಗೆ ಒರಗಿ ಕೂತಳು. ನಾಚಿಕೆಯಾಯಿತು, ಒಂದು ಗಳಿಗೆ ನಗುವೂ ಬಂತು. ಬಡಪಾಯಿ ಜಬೀನಳಿಗೆ ಮನಸ್ಸಿನಲ್ಲೇ ಎಷ್ಟು ಶಾಪ ಹಾಕಿದ್ದಳು! ಆದರೆ ಅನುಮಾನ ಒಮ್ಮೆ ಮೈಗೆ ಹತ್ತಿದರೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನಗು ನಿಂತಿತು. ಮುತ್ತಿಟ್ಟು ಬಂದದ್ದು ಹಾಗಾದರೆ ಮಗನ ಹಣೆಗೆ. ರಯ್ಯಾನ್ ಕೂಸಾಗಿದ್ದಾಗಿನಿಂದ ಮುಕ್ತಾರ್ ಮುತ್ತಿಡುತ್ತಿದ್ದದ್ದು ಕೆನ್ನೆಗೆ. ಮೀಸೆ ಬಂದ ಮಗ ಬೇಡವೆಂದು ಕೊಸರಾಡಿದರೂ ರಂಜಾನ್ ಹಬ್ಬದ ದಿನ ಬಿಡುತ್ತಿರಲಿಲ್ಲ. ಹಣೆಗೆ ಇಟ್ಟದ್ದನ್ನು ಅವಳು ಕಂಡೇ ಇರಲಿಲ್ಲ.

"ಹಣೆಗೆ ಯಾಕೆ?" ಎಂದಳು.

ಮುಕ್ತಾರನಿಗೆ ಈ ಸಲ ನೋಡಲು ಗೋಡೆ ಇರಲಿಲ್ಲ.

"ಮುಖದಲ್ಲಿ ಅಷ್ಟೇ ಉಳಿದಿತ್ತು, ಸಬೀರಾ."

ಗಜಲಿನ ಜಬೀನ್ ನಿಜಕ್ಕೂ ಹೆಂಗಸೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಸುರ್ಮಾ ಹಚ್ಚಿಕೊಂಡು, ಬಳೆ ತೊಟ್ಟುಕೊಂಡು, ಗಂಡನನ್ನು ಕರೆದುಕೊಂಡೇ ಹೋಗಿದ್ದರೂ ಸಹಿಸಬಹುದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮುಕ್ತಾರ್ ಅವಳ ಪಕ್ಕ ಬಂದು ಕೂತ. ಅಷ್ಟು ತಿಂಗಳಿಂದ ಬಾರದ ಅಳು ಅವನಿಗೂ ಬಂತು.

ಕೆಳಗೆ ಅವಳ ಫೋನು ಹೊಡೆದುಕೊಳ್ಳುತ್ತಿತ್ತು, ಅಣ್ಣನದೇ ಇರಬೇಕು. ಅವಳು ಮುಖ ಒರೆಸಿಕೊಂಡು, ಇನ್ನೊಂದು ಸಲ ಹೇಳಿ ಎಂದಳು.

"ಉಸ್ತಾದ್ರು ತಿದ್ದಿದ್ದು ಬೇಡ. ಮಾಥಾ ಅಂತಾನೇ ಹೇಳಿ. ನನ್ ಮಗಂದು ಮಾಥಾನೇ."

ಮುಕ್ತಾರ್ ಹೇಳಿದ. ಲಯ ಎಡವುತ್ತಿತ್ತು, ಪ್ರಾಸ ಕೂಡುತ್ತಿರಲಿಲ್ಲ. ಸಬೀರಾ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.