ಹಳ್ಳದ ಬದಿಯ ಮೂವತ್ತು ಹೆಜ್ಜೆ

ನಮ್ಮ ಯಜಮಾನರು ನೆಡುತೋಪಿನ ಮೇಸ್ತ್ರಿ. ಗುಡ್ಡದ ಮೇಲೆ ಮರ ಕಡಿಸೋದು, ಸಸಿ ನೆಡಿಸೋದು, ಕಳೆಗೆ ಔಷಧಿ ಹೊಡೆಸೋದು ಅವರ ಕೆಲಸ. ಮನುಷ್ಯ ಬಂಗಾರ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಗುಡ್ಡದ ಕೆಳಗೆ ನನ್ನ ನಾದಿನಿಯ ಮೀನಿನ ಕೊಳ. ಹೋದ ವರ್ಷ ಮೊದಲ ಮಳೆಗೇ ಹಳ್ಳದಿಂದ ಕೊಳಕ್ಕೆ ಕೆಂಪು ನೀರು ನುಗ್ಗಿ ಮರಿಗಳೆಲ್ಲ ಸತ್ತವು. ಈ ಸಲ ಮತ್ತೆ ಮರಿ ಬಿಟ್ಟಿದ್ದಾಳೆ. ಎದ್ದ ಕೂಡಲೇ ಆಕಾಶ ನೋಡ್ತಾಳೆ, ಪಾಪ.

"ಮಳೆ ಬಂದ್ರೆ ನೀರು ಕೆಂಪಾಗುತ್ತೆ. ನಾನೇನು ಮಾಡ್ಲಿ?" ಅಂತ ಇವರು.

ಹಳ್ಳದ ನೀರು, ಮಣ್ಣು ಅಳೆಯೋಕೆ ನಮ್ಮೂರಿಗೆ ಬರೋ ಹುಡುಗಿಯೊಬ್ಬಳು ಒಂದು ದಿನ ಮನೆಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿದಳು.

"ಅಣ್ಣಾ, ಈ ಸಲ ಮರ ಕಡಿದು ಔಷಧಿ ಹೊಡೆದರೆ ಕೊಳಕ್ಕೆ ಏನೇನು ಇಳಿಯುತ್ತೆ ಅಂತ ಮೊದಲೇ ನೋಡಬಹುದು."

"ಕಂಪ್ಯೂಟರ್ ಕಣಿ ಹೇಳುತ್ತೇನಮ್ಮಾ?"

"ಲೆಕ್ಕ ಹೇಳುತ್ತೆ. ಇಳಿಜಾರು, ಮಣ್ಣು, ಮಳೆ, ಮರ, ಔಷಧಿ ಎಲ್ಲಾ ಹಾಕ್ತೀವಿ. ಆದ್ರೆ ಹೋದ ವರ್ಷದ್ದು ತಾಳೆಯಾಗ್ತಿಲ್ಲ. ಲೆಕ್ಕದಲ್ಲಿ ಒಂದು ಬುಟ್ಟಿ ಮಣ್ಣಾದ್ರೆ, ಹಳ್ಳದಲ್ಲಿ ಅಳೆದಾಗ ಮೂರು ಬುಟ್ಟಿ."

ಇವರು ಲ್ಯಾಪ್‌ಟಾಪ್‌ನಲ್ಲಿದ್ದ ಗುಡ್ಡದ ನಕ್ಷೆ ನೋಡಿ ಗೊಳ್ಳೆಂದು ನಕ್ಕರು. "ಅಯ್ಯೋ, ದಿಮ್ಮಿ ಎಳೆಯೋ ದಾರೀನೇ ಇಲ್ವಲ್ಲಾ ಇದ್ರಲ್ಲಿ! ತುದಿಯಿಂದ ಹಳ್ಳದವರೆಗೆ ನೆಟ್ಟಗೆ ಎಳೀತೀವಿ. ನಾನೇ ಮಾಡಿಸಿದ ದಾರಿ!"

ಹುಡುಗಿ ಆ ದಾರಿಯನ್ನೂ ಸೇರಿಸಿದಳು. ಮೂರು ಬುಟ್ಟಿಗೆ ಸರಿಯಾಯಿತು.

ಇವರ ನಗು ನಿಂತಿತು. "ಹಾಗಾದ್ರೆ... ತಂಗಿ ಮೀನು ಸತ್ತಿದ್ದು ನನ್ನ ದಾರಿಯಿಂದಾನಾ?"

ಕುರ್ಚಿ ಎಳೆದುಕೊಂಡು ಹುಡುಗಿಯ ಪಕ್ಕ ಕೂತರು.

"ದಾರೀನ ಇಳಿಜಾರಿಗೆ ಅಡ್ಡ ಹಾಕಿ ನೋಡಮ್ಮ," ಅಂದರು. ಲೆಕ್ಕದಲ್ಲಿ ಮಣ್ಣು ಕಡಿಮೆಯಾಯಿತು. ಹಳ್ಳದ ಬದಿ ಮೂವತ್ತು ಹೆಜ್ಜೆ ಮರ ಕಡಿಯದೆ, ಔಷಧಿ ಹೊಡೆಯದೆ ಬಿಟ್ಟು ನೋಡಿದರು. ಇನ್ನೂ ಕಡಿಮೆ. ಮಳೆಯ ಮುನ್ಸೂಚನೆ ಇದ್ದಾಗ ಔಷಧಿ ಹೊಡೆಯೋದನ್ನೇ ನಿಲ್ಲಿಸಿ ನೋಡಿದರು. ಕೊಳಕ್ಕೆ ಇಳಿಯೋ ಔಷಧಿಯೂ ತಗ್ಗಿತು. ಊಟ ಆರಿ ತಣ್ಣಗಾದರೂ ಎದ್ದರೆ ಕೇಳಿ! ಮಾರನೇ ದಿನದಿಂದ ಕೆಲಸವೂ ಹಾಗೇ ಶುರುವಾಯಿತು.

ಮೊದಲ ಮಳೆ ಜೋರಾಗಿಯೇ ಬಂತು. ಬೆಳಕು ಹರಿಯುತ್ತಲೇ ಇವರು ಕೊಡೆ ಮರೆತು ಕೊಳಕ್ಕೆ ಓಡಿದರು. ಹಿಂದೆ ನಾನು. ನೀರು ಸ್ವಲ್ಪ ಮಬ್ಬಾಗಿತ್ತು, ಅಷ್ಟೇ. ಮರಿಗಳು ಪುಳಪುಳ ಓಡಾಡ್ತಿದ್ದವು.

"ಹೋದ ವರ್ಷದ್ದು ನನ್ನ ತಪ್ಪು ಕಣೇ," ಅಂದರು ತಂಗಿಗೆ.

ಅವಳು ಕಣ್ಣೊರೆಸಿಕೊಂಡು ಮೇವಿನ ಡಬ್ಬಿ ಇವರ ಕೈಗಿಟ್ಟಳು. "ಸರಿ ಬಿಡಣ್ಣ. ಹಾಕು, ಹಸಿದಿವೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗುಡ್ಡದಲ್ಲಿ ಕೊಡಲಿ ಎತ್ತೋ ಮುಂಚೆ ಲೆಕ್ಕ ಹಾಕಿಸಿ. ನಮ್ಮ ಗುಡ್ಡಕ್ಕೆ ಮೂವತ್ತು ಹೆಜ್ಜೆ ಸಾಕಾಯ್ತು, ನಿಮ್ಮದಕ್ಕೆ ಎಷ್ಟು ಬೇಕು ಅಂತ ಕೇಳಿ. ಲೆಕ್ಕ ಹಾಕೋರ ಪಕ್ಕ ಕೂತು, ನಕ್ಷೆಯಲ್ಲಿ ಇಲ್ಲದ ದಾರಿಯನ್ನು ನೀವೇ ತೋರಿಸಿ. ಅದು ನೀವೇ ಮಾಡಿದ ದಾರಿಯಾದರೂ ತೋರಿಸಿ. ಕೆಳಗೆ ನಿಮ್ಮ ತಂಗಿಯಂಥ ಒಬ್ಬಳು ಆಕಾಶ ನೋಡ್ತಾ ನಿಂತಿರ್ತಾಳೆ.