ನೋಂದಣಿ ಆಗದ ಬೀಗಿತ್ತಿ

ದೂರದಿಂದ ನೆಂಟರು ಬರುತ್ತಾರೆ ಅಂದರೆ ಇಥಿಯೋಪಿಯಾ ಗಡಿಯ ಹತ್ತಿರದ ನಮ್ಮ ಗೆದಾರಿಫ್ ಊರಿನಲ್ಲಿ ಮೊದಲು ಏಳುವ ಪ್ರಶ್ನೆ, ಏನು ಅಡುಗೆ ಮಾಡೋದು ಅನ್ನುವುದು. ಮಂಚಕ್ಕೆ ಹೊಸ ಹಗ್ಗ ಬಿಗಿಯುತ್ತಾರೆ. ಅಂಗಳಕ್ಕೆ ನೀರು ಚಿಮುಕಿಸುತ್ತಾರೆ. ಯಾವ ಕುರಿ ಕೊಯ್ಯೋದು ಅಂತ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಾರೆ. ಬಂದವರ ಪಾಸ್‌ಪೋರ್ಟ್ ಬಿಚ್ಚಿ ನೋಡುವವರು ಮಾತ್ರ ಯಾರೂ ಇಲ್ಲ. ಹಾಗೆ ನೋಡುವುದು ನೆಂಟರಿಗೆ ಮಾಡುವ ಅವಮಾನ ಅಂತಲೇ ಎಳ್ಳಿನ ದಲ್ಲಾಳಿ ಬಾಬಿಕಿರ್ ಕೂಡ ತಿಳಿದುಕೊಂಡಿದ್ದರು.

ಗಡಿ ದಾಟಿ ದಿನಾ ಬಸ್ಸು ಓಡುತ್ತಿದ್ದ ಕಾಲದ ಮಾತು ಇದು. ಬಾಬಿಕಿರ್ ಅವರ ಮಗ ಮುಂತಸಿರ್ ಗಡಿಯಾಚೆಯ ಇಥಿಯೋಪಿಯಾದ ಹುಡುಗಿಯನ್ನು ಮದುವೆಯಾಗಿದ್ದ. ಅವಳ ಹೆಸರು ಫೆತಿಯಾ, ತವರು ಗೊಂದರ್. ಚೊಚ್ಚಲ ಹೆರಿಗೆ ಹತ್ತಿರ ಬಂದಾಗ ಅವಳ ತಾಯಿ ಲುಬಾಬಾ ಬಾಣಂತನಕ್ಕೆ ಅಂತ ಬಸ್ಸಿನಲ್ಲಿ ಬಂದರು. ಮಸಾಲೆ ಪುಡಿಯ ಡಬ್ಬ, ಜೇನಿನ ಕ್ಯಾನು, ಮಗುವಿಗೆ ನೇಯಿಸಿದ ಬಿಳಿ ಬಟ್ಟೆ ಎಲ್ಲ ಹೊತ್ತು ತಂದಿದ್ದರು. ಮೊದಲಿನಿಂದಲೂ ವ್ಯಾಪಾರದ ಮನೆಯವರಾದ್ದರಿಂದ ನಮ್ಮ ಭಾಷೆ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.

ಊಟವಾದ ಮೇಲೆ ಲುಬಾಬಾ ಮೆಲ್ಲಗೆ ಹೇಳಿದರು. "ಬೀಗರೇ, ಗಡಿಯಲ್ಲಿ ವೀಸಾಕ್ಕೆ ಮುದ್ರೆ ಒತ್ತುವಾಗ ಒಂದು ಮಾತು ಹೇಳಿ ಕಳಿಸಿದ್ದಾರೆ. ಊರು ಸೇರಿದ ಕೂಡಲೇ ವಿದೇಶಿಯರ ಕಚೇರಿಗೆ ಹೋಗಿ ನೋಂದಣಿ ಮಾಡಿಸಬೇಕಂತೆ."

ಬಾಬಿಕಿರ್ ನಕ್ಕುಬಿಟ್ಟರು. "ಅದೆಲ್ಲ ಹೊರಗಿನವರಿಗೆ, ಬೀಗಿತ್ತಿ. ನೀವು ಯಾವ ಸೀಮೆ ವಿದೇಶಿ? ನಿಮ್ಮ ಮಗಳು ನಮ್ಮನೆ ಸೊಸೆ."

"ಆದರೂ ಅವರು ಹೇಳಿದ್ದಾರಲ್ಲ."

"ಹೇಳ್ತಾರೆ. ಎಲ್ಲರಿಗೂ ಹೇಳೋದೇ ಅವರ ಕೆಲಸ. ನೀವು ಆರಾಮಾಗಿ ಕಾಫಿ ಕುಡೀರಿ."

ಮರುದಿನ ಪಕ್ಕದ ಓಣಿಯ ಇಖ್ಲಾಸ್ ಬೀಗಿತ್ತಿಯನ್ನು ನೋಡಲು ಬಂದಳು. ಬಸ್ ನಿಲ್ದಾಣದ ಹತ್ತಿರ ಅವಳದೊಂದು ಲಾಡ್ಜು ಇದೆ. ಶುಂಠಿ ಹಾಕಿದ ಕಾಫಿ ಕುಡಿಯುತ್ತಾ ಅವಳು ಮಾತಿನ ಮಧ್ಯೆ ಕೇಳಿದಳು. "ಚಿಕ್ಕಪ್ಪ, ನೋಂದಣಿ ಮಾಡಿಸಿದ್ರಾ?"

"ನೀನೂ ಅದನ್ನೇ ಶುರು ಮಾಡಿದೆಯಾ?" ಅಂದರು ಬಾಬಿಕಿರ್. "ಇದೇನು ನಿನ್ನ ಲಾಡ್ಜಾ? ಮನೆಗೆ ಬಂದ ಬೀಗಿತ್ತಿಯನ್ನ ಪೊಲೀಸರ ಮುಂದೆ ಕೂರಿಸಿದರೆ ನಾಲ್ಕು ಜನ ಏನಂತಾರೆ?"

"ಲಾಡ್ಜಾಗಿದ್ದರೆ ಚಿಂತೆ ಇರಲಿಲ್ಲ, ನಾನೇ ಪಾಸ್‌ಪೋರ್ಟ್ ತಗೊಂಡು ಹೋಗಿ ಮಾಡಿಸ್ತಿದ್ದೆ. ಮನೇಲಿ ಇಳಿದವರಿಗೆ ಮನೆ ಯಜಮಾನನೇ ಮಾಡಿಸಬೇಕು. ನಿಮ್ಮ ಗುರುತಿನ ಚೀಟಿ ತಗೊಂಡು ನೀವೇ ಜೊತೆಗೆ ಹೋಗಬೇಕು."

"ವೀಸಾ ಇದೆಯಲ್ಲಮ್ಮ ಅವರ ಹತ್ರ."

"ವೀಸಾ ಅಂದರೆ ಒಳಗೆ ಬನ್ನಿ ಅಂತ ಬಾಗಿಲು ತೆಗೆದ ಹಾಗೆ, ಚಿಕ್ಕಪ್ಪ. ಬಂದವರು ಯಾವ ಮನೇಲಿ ಇದ್ದಾರೆ ಅಂತ ತಿಳಿಸೋದು ಬೇರೆ. ಅದಕ್ಕೆ ಇಷ್ಟು ದಿನ ಅಂತ ಗಡುವಿದೆ. ಗಡುವು ದಾಟಿದರೆ ದಂಡ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ವಾಪಸ್ ಹೋಗುವಾಗ ಗಡಿಯಲ್ಲಿ ಆ ಮುದ್ರೆ ಕೇಳ್ತಾರೆ."

ಬಾಬಿಕಿರ್ ಹೆಂಡತಿ ಬತೂಲ್ ಒಲೆಯ ಹತ್ತಿರದಿಂದಲೇ ಹೇಳಿದರು. "ಮಂಡಿಗೆ ಹೋಗೋ ಎಳ್ಳು ಮೂಟೆಗೂ ಚೀಟಿ ಕಟ್ಟಿಸ್ತೀರಿ. ಮನುಷ್ಯರಿಗೆ ಬೇಡವಾ?"

"ಈ ಊರಲ್ಲಿ ನನ್ನ ಹೆಸರು ಗೊತ್ತಿಲ್ಲದವರು ಯಾರಿದ್ದಾರೆ? ಏನಾದರೂ ಬಂದರೆ ನಾನು ನೋಡ್ಕೋತೀನಿ."

ಲುಬಾಬಾ ತಲೆ ತಗ್ಗಿಸಿ ಲೋಟ ಹಿಡಿದುಕೊಂಡಿದ್ದರು. ಉಂಡ ಮನೆಯಲ್ಲಿ ಕೂತು ಯಜಮಾನರ ಮಾತಿಗೆ ಎದುರಾಡುವುದು ಅವರಿಗೆ ಆಗಲಿಲ್ಲ. ಇಖ್ಲಾಸ್ ಹೊರಡುವಾಗ ಬಾಗಿಲಲ್ಲಿ ಅವರ ಕೈ ಹಿಡಿದು ಹೇಳಿದಳು. "ಚಿಕ್ಕಮ್ಮ, ನೀವೇ ಇನ್ನೊಂದು ಸಲ ಹೇಳಿ. ಪಾಸ್‌ಪೋರ್ಟ್ ನಿಮ್ಮದು."

ಅದೇ ವಾರ ಗಂಡು ಮಗು ಹುಟ್ಟಿತು. ಮನೆಯಲ್ಲಿ ಯಾರಿಗೂ ಬೇರೆ ಯೋಚನೆ ಇರಲಿಲ್ಲ. ಹೆಸರಿಡುವ ದಿನ ಕುರಿ ಕೊಯ್ದರು, ಓಣಿಗೆಲ್ಲ ಊಟವಾಯಿತು. ಲುಬಾಬಾ ಮಗಳಿಗೆ ಎಣ್ಣೆ ತಿಕ್ಕಿ, ಮಗುವಿಗೆ ಸ್ನಾನ ಮಾಡಿಸಿ, ಗಂಜಿ ಕಾಯಿಸುತ್ತಾ ಇದ್ದರು. ನಡುವೆ ಒಮ್ಮೆ ಅವರು ನೋಂದಣಿಯ ಮಾತೆತ್ತಿದ್ದುಂಟು. ಬಾಬಿಕಿರ್ "ಈಗ ಎಳ್ಳಿನ ಸುಗ್ಗಿ, ಬೀಗಿತ್ತಿ. ಸಂತೆ ಮುಗೀಲಿ, ಹೋಗಿ ಬರೋಣ" ಅಂದರು. ಸಂತೆ ಮುಗಿಯಿತು. ಗಡುವೂ ಮುಗಿಯಿತು. ಕಚೇರಿಗೆ ಯಾರೂ ಹೋಗಲಿಲ್ಲ.

ಒಂದು ಬುಧವಾರ ಸಂಜೆ ಗೊಂದರ್‌ನಿಂದ ಫೋನು ಬಂತು. ಲುಬಾಬಾರ ಅಣ್ಣ ಸಿರಾಜ್ ಹಾಸಿಗೆ ಹಿಡಿದಿದ್ದರು. ತಂದೆ ಇಲ್ಲದ ಲುಬಾಬಾರನ್ನು ಸಾಕಿ, ಓದಿಸಿ, ಮದುವೆ ಮಾಡಿದ್ದು ಇದೇ ಅಣ್ಣ. ಅವರಿಗೆ ಮಾತು ನಿಲ್ಲುತ್ತಾ ಬಂದಿದೆ, ಆದರೆ ತಂಗಿ ಎಲ್ಲಿ ಅಂತ ಕೇಳುತ್ತಿದ್ದಾರೆ ಅಂತ ಮನೆಯವರು ಹೇಳಿದರು.

ಬೆಳಗಿನ ಬಸ್ಸಿಗೆ ಲುಬಾಬಾ ಹೊರಟರು. ಬಾಬಿಕಿರ್ ಗಡಿಯವರೆಗೆ ಜೊತೆಗೆ ಹೋದರು. ಗಡಿಯ ಊರು ಗಲ್ಲಾಬಾತ್‌ನಲ್ಲಿ ಇಳಿದರೆ ಎದುರಿಗೆ ಹಳ್ಳ, ಹಳ್ಳದ ಮೇಲೊಂದು ಸೇತುವೆ. ಸೇತುವೆಯ ಆ ತುದಿ ಲುಬಾಬಾರ ದೇಶ. ಅಲ್ಲಿ ಅವರ ತಮ್ಮನ ಮಗ ಕಾರು ತಂದು ಕಾಯುತ್ತಿದ್ದುದು ಈ ಕಡೆಗೇ ಕಾಣುತ್ತಿತ್ತು.

ಈ ಕಡೆಯ ಗಡಿ ಕಚೇರಿಯ ಅಧಿಕಾರಿ ಪಾಸ್‌ಪೋರ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಮತ್ತೆ ಮೊದಲಿನಿಂದ ತಿರುವಿದ.

"ಚಿಕ್ಕಮ್ಮ, ನೋಂದಣಿಯ ಮುದ್ರೆ ಎಲ್ಲಿ?"

"ಮಾಡಿಸಿಲ್ಲ ಮಗಾ."

"ಹಾಗಾದರೆ ದಾಟೋಕೆ ಬರೋದಿಲ್ಲ. ಗೆದಾರಿಫ್‌ಗೆ ವಾಪಸ್ ಹೋಗಿ, ಕಚೇರೀಲಿ ದಂಡ ಕಟ್ಟಿ, ಮುದ್ರೆ ಹಾಕಿಸ್ಕೊಂಡು ಬರಬೇಕು."

"ನನ್ನ ಅಣ್ಣ ಸಾಯೋ ಹಾಗಿದ್ದಾನೆ. ಆ ಕಾರು ನನಗೋಸ್ಕರ ನಿಂತಿದೆ."

ಅಧಿಕಾರಿ ಪಾಸ್‌ಪೋರ್ಟ್ ಮುಚ್ಚಿ ಅವರ ಕೈಗೆ ಕೊಟ್ಟ. "ನನಗೆ ಅರ್ಥ ಆಗುತ್ತೆ ಚಿಕ್ಕಮ್ಮ. ಆ ಮುದ್ರೆ ಹಾಕೋ ಅಧಿಕಾರ ನನಗಿಲ್ಲ."

ಬಾಬಿಕಿರ್ ಮುಂದೆ ಬಂದು ತಮ್ಮ ಹೆಸರು ಹೇಳಿದರು, ಮಂಡಿಯ ಹೆಸರು ಹೇಳಿದರು, ತಮಗೆ ಗೊತ್ತಿರುವ ದೊಡ್ಡವರ ಹೆಸರುಗಳನ್ನೂ ಹೇಳಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಹಾಜಿ, ನಿಮ್ಮ ಹೆಸರು ನಾನೂ ಕೇಳಿದ್ದೀನಿ. ಆದರೆ ಇವರು ನಿಮ್ಮನೇಲಿದ್ದರು ಅಂತ ನಮ್ಮಲ್ಲಿ ಎಲ್ಲೂ ದಾಖಲಾಗಿಲ್ಲ. ಅಷ್ಟು ದಿನ ಇವರು ಈ ದೇಶದಲ್ಲಿ ಎಲ್ಲಿದ್ದರು ಅಂತ ಯಾರಾದರೂ ಕೇಳಿದರೆ ನಾನು ಏನು ಹೇಳಲಿ?"

ಅವರು ಗೆದಾರಿಫ್‌ಗೆ ಮರಳುವ ಹೊತ್ತಿಗೆ ಕಚೇರಿ ಮುಚ್ಚಿತ್ತು. ಅವತ್ತು ಗುರುವಾರ. ಮುಂದೆ ಶುಕ್ರವಾರ, ಶನಿವಾರ ರಜೆ. ಬಾಬಿಕಿರ್ ಎಷ್ಟೋ ಜನಕ್ಕೆ ಫೋನು ಮಾಡಿದರು. ಎಲ್ಲರೂ ಸಮಾಧಾನ ಹೇಳಿದರು. ಭಾನುವಾರ ಬನ್ನಿ ಅಂದರು.

ಶನಿವಾರ ಬೆಳಗ್ಗೆ ಸಿರಾಜ್ ತೀರಿಕೊಂಡರು. ಅವತ್ತೇ ಮಧ್ಯಾಹ್ನ ಅಲ್ಲಿ ಮಣ್ಣು ಮಾಡಿದರು. ಲುಬಾಬಾ ಇಲ್ಲಿ ಬತೂಲ್ ಪಕ್ಕದಲ್ಲಿ ಮಂಚದ ಮೇಲೆ ಕೂತು ಫೋನು ಕಿವಿಗಿಟ್ಟುಕೊಂಡು ಅಲ್ಲಿಯವರ ಪ್ರಾರ್ಥನೆ ಕೇಳಿಸಿಕೊಂಡರು. ಫೆತಿಯಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಬಾಬಿಕಿರ್ ಬಂದು ಎದುರಿಗೆ ಕೂತರು. ಲುಬಾಬಾ ಅವರೇ ಮೊದಲು ಮಾತಾಡಿದರು.

"ನೀವು ನನಗೆ ಏನೂ ಕಡಿಮೆ ಮಾಡಲಿಲ್ಲ ಬೀಗರೇ. ನಾನೂ ಗಟ್ಟಿಯಾಗಿ ಹೇಳಬೇಕಿತ್ತು. ನಾಚಿಕೊಂಡೆ."

"ಮರ್ಯಾದೆ ಕಾಪಾಡ್ತಿದ್ದೀನಿ ಅಂದುಕೊಂಡಿದ್ದೆ" ಅಂದರು ಬಾಬಿಕಿರ್.

ಭಾನುವಾರ ಕಚೇರಿಯಲ್ಲಿ ಕೆಲಸ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಾಸ್‌ಪೋರ್ಟ್, ಅದರ ನಕಲು, ಫೋಟೋ, ಮನೆ ಯಜಮಾನರ ಗುರುತಿನ ಚೀಟಿ. ಮೇಜಿನ ಹಿಂದೆ ಕೂತಿದ್ದ ಹೆಂಗಸು ಮಗು ಹೇಗಿದೆ ಅಂತಲೂ ಕೇಳಿದಳು. ಮೊದಲೇ ಬಂದಿದ್ದರೆ ದಂಡವೂ ಇರುತ್ತಿರಲಿಲ್ಲ ಅಂದಳು. ಬಾಬಿಕಿರ್ ದಂಡ ಕಟ್ಟಿ ಹೊರಗೆ ಬಂದರು. ಸೋಮವಾರ ಲುಬಾಬಾ ಸೇತುವೆ ದಾಟಿದರು. ಆ ಕಡೆ ಕಾರು ಅವರನ್ನು ನೇರವಾಗಿ ಸ್ಮಶಾನಕ್ಕೆ ಕರೆದುಕೊಂಡು ಹೋಯಿತು.

ಮೊಮ್ಮಗ ಹೆಜ್ಜೆ ಇಡುವ ಹೊತ್ತಿಗೆ ಲುಬಾಬಾ ಮತ್ತೆ ಬಂದರು. ಬಸ್ಸಿಳಿದ ಕೂಡಲೇ ಬಾಬಿಕಿರ್ ಗಂಟುಮೂಟೆ ರಿಕ್ಷಾಕ್ಕೆ ಹಾಕಿ, ಮನೆಯ ದಾರಿ ಬಿಟ್ಟು ಬೇರೆ ಕಡೆ ತಿರುಗಿಸಲು ಹೇಳಿದರು.

"ಎಲ್ಲಿಗೆ ಬೀಗರೇ?"

"ಕಚೇರಿಗೆ."

"ಮೊದಲು ಮೊಮ್ಮಗನ ಮುಖ ನೋಡಿಬಿಡ್ತೀನಿ. ನಾಳೆ ಹೋದರಾಗದಾ?"

"ಇಲ್ಲ. ಅವನನ್ನೂ ಅಲ್ಲಿಗೇ ಕರೆಸಿದ್ದೀನಿ."

ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಬತೂಲ್, ಫೆತಿಯಾ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಬೆಂಚು ಹಿಡಿದು ನಿಂತಿದ್ದ ಮಗು, ಇಳಿದು ಬಂದ ಅಜ್ಜಿಯನ್ನು ಪರೀಕ್ಷೆ ಮಾಡುವವನ ಹಾಗೆ ನೋಡಿತು. ಲುಬಾಬಾ ಅವನನ್ನು ಸೊಂಟಕ್ಕೇರಿಸಿಕೊಂಡೇ ಸಾಲಿನಲ್ಲಿ ನಿಂತರು.

ಈಗ ಆ ಓಣಿಯಲ್ಲಿ ಹೊರದೇಶದ ನೆಂಟರು ಯಾರ ಮನೆಗೆ ಬಂದರೂ ಬಾಬಿಕಿರ್ ಹೋಗಿ ನೋಂದಣಿ ಆಯಿತೇ ಅಂತ ಕೇಳುತ್ತಾರೆ. ಕೆಲವರು ನಗುತ್ತಾರೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಜೊತೆಗೆ ಹೊರಡಿಸುತ್ತಾರೆ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮಗಳ ಬಾಣಂತನಕ್ಕೋ, ಮಗನ ಮನೆಗೋ, ಊರು ನೋಡುವುದಕ್ಕೋ ನೀವು ಹೊರದೇಶಕ್ಕೆ ಹೋಗಬಹುದು. ವೀಸಾ ಸಿಕ್ಕಿತು ಅಂತ ನಿಶ್ಚಿಂತೆಯಾಗಿ ಕೂರಬೇಡಿ. ಇಳಿದ ಮೇಲೆ ನೋಂದಣಿ ಬೇಕೇ, ಎಲ್ಲಿ, ಎಷ್ಟು ದಿನದೊಳಗೆ ಅಂತ ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಇದು ದೇಶದಿಂದ ದೇಶಕ್ಕೆ ಬೇರೆ. ಹೋಟೆಲಿನಲ್ಲಿ ಇಳಿದರೆ ಅವರು ಮಾಡಿಸಿದರೇ ಅಂತ ವಿಚಾರಿಸಿ, ಮುದ್ರೆಯನ್ನೋ ಚೀಟಿಯನ್ನೋ ಕಣ್ಣಾರೆ ನೋಡಿ. ನೆಂಟರ ಮನೆಯಲ್ಲಿ ಇಳಿದರೆ ನಾಚಿಕೆ ಬಿಟ್ಟು ಹೇಳಿ. ನಿಮ್ಮ ಮನೆಗೇ ಹೊರದೇಶದವರು ಬಂದರೆ, ಅವರು ಹೇಳುವವರೆಗೆ ಕಾಯದೆ ನೀವೇ ಕರೆದುಕೊಂಡು ಹೋಗಿ. ನೆಂಟರನ್ನು ಬರಮಾಡಿಕೊಂಡವರ ಮೇಲೆ ಅವರು ಬೇಕಾದ ದಿನ ತಮ್ಮ ಮನೆಗೆ ಮರಳುವ ಹಾಗೆ ನೋಡಿಕೊಳ್ಳುವ ಹೊಣೆಯೂ ಇದೆ.