ಊದಿ ನೋಡಿದರೆ

ಮತ್ತೆ ಅದೇ ಹಸಿ ಪೆಟ್ರೋಲಿನ ವಾಸನೆ, ನೀರು ಕುಡಿದು ಒಳಗಿನಿಂದ ಬರುತ್ತಿದ್ದವನ ಮೂಗಿಗೆ ಶೆಡ್ಡಿನ ಬಾಗಿಲಲ್ಲೇ ಹೊಡೆಯಿತು, ಈಗಷ್ಟೇ ಒರೆಸಿದ ನೆಲ ಆಗಲೇ ಒದ್ದೆ, ಬೈಕಿನ ಹೊಟ್ಟೆಯ ಕೆಳಗೆ ಇಳಿಬಿದ್ದ ರಬ್ಬರ್ ಕೊಳವೆಯ ತುದಿಯಲ್ಲಿ ಹನಿ ಕೂಡುತ್ತದೆ, ದಪ್ಪಗಾಗುತ್ತದೆ, ಬೀಳುತ್ತದೆ — ನಿನ್ನ ಮನೆ ಹಾಳಾಗ, ಎಂದು ಮೆಕ್ಯಾನಿಕ್ ಬೈದ, ಬೈಕನ್ನು ಬೈದನೋ ತನ್ನನ್ನೇ ಬೈದುಕೊಂಡನೋ ಅವನಿಗೇ ಗೊತ್ತಾಗಲಿಲ್ಲ. ನಿನ್ನೆ ಸರಿ ಮಾಡಿ ಕಳಿಸಿದ ಗಾಡಿ ಇದು, ಬೆಳಿಗ್ಗೆ ಬ್ರೆಡ್ ಹಂಚುವವನು ತಳ್ಳಿಕೊಂಡೇ ಬಂದಿದ್ದ, ಹಿಂದಿನ ಡಬ್ಬದಲ್ಲಿ ಬ್ರೆಡ್ಡೆಲ್ಲ ಹಾಗೇ ಇತ್ತು, ಏನ್ ಯಜಮಾನ್ರೇ, ರಿಪೇರಿ ಮಾಡಿದ್ರೋ ಬಾವಿ ತೋಡಿದ್ರೋ, ಹೀಗೆ ಒಸರ್ತಾ ಇದೆ, ಅಂದು ನಕ್ಕ, ಆಮೇಲೆ ನಗು ನಿಲ್ಲಿಸಿ, ನಿಮ್ಮ ಕೈಯಿಂದ ಹೋದ ಗಾಡಿ ಯಾವತ್ತೂ ವಾಪಸ್ ಬಂದಿರಲಿಲ್ಲ ಬಿಡಿ, ಅಂದ, ಅಷ್ಟೇ, ರೇಗಲಿಲ್ಲ, ಡಬ್ಬ ಬಿಚ್ಚಿ ತಲೆ ಮೇಲೆ ಹೊತ್ತು ನಡೆದೇ ಹೋದ. ರೇಗಿದ್ದರೆ ಚೆನ್ನಾಗಿತ್ತು, ರೇಗಿದವನಿಗೆ ನಾಲ್ಕು ಮಾತು ತಿರುಗಿ ಅನ್ನಬಹುದು. ಆಗಲೇ ಎಲ್ಲ ಬಿಚ್ಚಿ ತೊಳೆದು ಕೂಡಿಸಿದ್ದಾಯಿತು, ಈಗ ನೋಡಿದರೆ ಮತ್ತೆ ಹನಿ.

ಪೆಟ್ರೋಲ್ ಬರುವ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಕಾರ್ಬುರೇಟರ್ ಬಿಚ್ಚಿಕೊಂಡು ಸ್ಟೂಲಿನ ಮೇಲೆ ಕೂತ, ಬಗ್ಗಿದರೆ ಎದೆ ಬಿಗಿಯುತ್ತದೆ, ಅದಕ್ಕೇ ಈಚೆಗೆ ಎಲ್ಲ ಸ್ಟೂಲಿನ ಮೇಲೇ, ಹೆಂಡತಿ ಕೇಳಿದರೆ ಮಂಡಿ ನೋವು ಕಣೇ ಅಂದುಬಿಡುವುದು, ಮಂಡಿ ಪಾಪ, ಏನು ತಪ್ಪು ಮಾಡಿದೆಯೋ, ಎಲ್ಲ ಅದರ ತಲೆಗೇ. ಕೆಳಗಿನ ಬಟ್ಟಲು ಕಳಚಿದ, ಕಸ ಇಲ್ಲ, ನೀರಿನ ಗುಳ್ಳೆ ಇಲ್ಲ. ಪೆಟ್ರೋಲಿನ ಮೇಲೆ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಒಳಗೆ ಏನೂ ಕುಲುಕಲಿಲ್ಲ, ಬಿಸಿನೀರಿನಲ್ಲಿ ಮುಳುಗಿಸಿದರೂ ಗುಳ್ಳೆ ಏಳಲಿಲ್ಲ, ತೂತಿಲ್ಲ. ಫ್ಲೋಟಿನ ನಾಲಿಗೆ ಬಗ್ಗಿಲ್ಲ, ಎತ್ತರ ಸರಿಯಾಗಿದೆ. ಇನ್ನು ಉಳಿದದ್ದು ಸೂಜಿ, ಬಟ್ಟಲು ತುಂಬಿದಾಗ ಫ್ಲೋಟು ಮೇಲಕ್ಕೆದ್ದು ಈ ಸೂಜಿಯನ್ನು ತೂತಿಗೆ ಒತ್ತುತ್ತದೆ, ಪೆಟ್ರೋಲ್ ಬರುವುದು ನಿಲ್ಲುತ್ತದೆ, ಇಷ್ಟೇ ಇದರ ಸಂಸಾರ, ಸೂಜಿ ಕೂತಿಲ್ಲ ಅಂದರೆ ಎಲ್ಲ ಉಕ್ಕಿ ಹೊರಗೆ. ಕನ್ನಡಕ ಹಾಕಿ ಬೆಳಕಿಗೆ ಹಿಡಿದು ನೋಡಿದ, ಮೊನೆ ಸವೆದಂತೆ ಕಾಣಲಿಲ್ಲ, ಕಣ್ಣಲ್ಲಿ ನೋಡಿ ಸರಿ ಇದೆ ಅನ್ಬೇಡ ಕಣೋ, ಊದಿ ನೋಡು, ಎನ್ನುತ್ತಿದ್ದ ಸೋದರಮಾವ, ಕೆಲಸ ಕಲಿಸಿದವನು, ಕಂಪ್ರೆಸರ್ ಗಾಳಿ ಬಿಟ್ಟರೆ ಅದರ ರಭಸಕ್ಕೆ ಒಳ್ಳೆಯ ಸೂಜಿಯೂ ಎದ್ದುಬಿಡುತ್ತೆ, ಬಾಯಿಂದಲೇ ಊದಬೇಕು, ಹದವಾಗಿ, ಕೂಸಿನ ಕಣ್ಣಿನ ಕಸ ಊದಿದ ಹಾಗೆ. ಕಾರ್ಬುರೇಟರನ್ನು ತಲೆಕೆಳಗು ಮಾಡಿ ಹಿಡಿದ, ಫ್ಲೋಟಿನ ಭಾರಕ್ಕೆ ಸೂಜಿ ಮುಚ್ಚಿಕೊಂಡಿತು, ಪೆಟ್ರೋಲ್ ಬರುವ ಕೊಳವೆ ಬಾಯಿಗಿಟ್ಟು ಊದಿದ, ಗಾಳಿ ಹೋಗಲಿಲ್ಲ, ನಿನ್ನೆಯೂ ಹೋಗಿರಲಿಲ್ಲ, ಬೆಳಿಗ್ಗೆಯೂ ಇಲ್ಲ, ಅಂದರೆ ಸೂಜಿ ಗಟ್ಟಿ, ಸೂಜಿ ಗಟ್ಟಿ ಇದ್ದರೆ ಸೋರುವುದು ಎಲ್ಲಿಂದ, ಆಕಾಶದಿಂದ?

ಸುಮ್ಮನೆ, ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಕಾರ್ಬುರೇಟರನ್ನು ನೆಟ್ಟಗೆ ತಿರುಗಿಸಿದ, ಹೀಗಿಟ್ಟರೆ ಫ್ಲೋಟು ಜೋತುಬೀಳುತ್ತದೆ, ಸೂಜಿ ಬಾಯಿ ಬಿಡುತ್ತದೆ, ಗಾಳಿ ಭರ್ರನೆ ಹೋಗಲೇಬೇಕು, ಎಂಥ ದಡ್ಡನಿಗೂ ಗೊತ್ತು. ಊದಿದ. ಹೋಗಲಿಲ್ಲ. ಕೊಳವೆ ಕಟ್ಟಿಕೊಂಡಿದೆ ಅಂದುಕೊಂಡು ತಂತಿ ತೂರಿಸಿದ, ತಂತಿ ಸರಾಗವಾಗಿ ಆ ಕಡೆ ಬಂತು, ಮತ್ತೆ ಊದಿದ, ಕೆನ್ನೆ ಕೂಡ ಉಬ್ಬಲಿಲ್ಲ, ಪಕ್ಕೆ ಚುಚ್ಚಿತು, ಕಣ್ಣ ಮುಂದೆ ಕಪ್ಪು ಚುಕ್ಕೆಗಳು, ಅಷ್ಟೇ, ತೆರೆದರೂ ಅದೇ ಮುಚ್ಚಿದರೂ ಅದೇ, ಅಯ್ಯೋ ದೇವರೇ, ಗಾಳಿ ನಿಂತದ್ದು ಸೂಜಿಯಲ್ಲಿ ಅಲ್ಲ, ನಿನ್ನೆಯಿಂದ ತಾನು ಸರಿ ಇದೆ ಸರಿ ಇದೆ ಎಂದು ಕೂಡಿಸುತ್ತಿದ್ದುದು ತನ್ನ ಎದೆಯಲ್ಲೇ ಮುಗಿದುಹೋದ ಉಸಿರನ್ನು ನಂಬಿಕೊಂಡು. ಮಾವ ಚಕ್ರ ಕಳಚಿ ಬ್ರೇಕ್ ಡ್ರಮ್ಮನ್ನು ಮುಖದ ಹತ್ತಿರ ಹಿಡಿದು ಫೂ ಎಂದು ಊದುತ್ತಿದ್ದ, ಬ್ರೇಕ್ ಸವೆದ ಕಪ್ಪು ಹುಡಿ ಮೋಡದಂತೆ ಎದ್ದು ಮೂಗಿಗೇ ನುಗ್ಗುತ್ತಿತ್ತು, ಇವನೂ ಊದಿದ, ದಿನವೂ ಊದಿದ, ಬಟ್ಟೆಯಲ್ಲಿ ಒರೆಸುವವರನ್ನು ಕಂಡರೆ ಇಬ್ಬರಿಗೂ ನಗು, ಮದುವೆ ಹೆಣ್ಣಿನ ಹಾಗೆ ಒರೆಸ್ತಾನೆ ನೋಡು, ಅನ್ನುತ್ತಿದ್ದ ಮಾವ, ಕೊನೆಗೆ ಆ ಮಾವ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಅತ್ತೆ ರಾತ್ರಿಯಿಡೀ ಅವನ ಬೆನ್ನು ಉಜ್ಜುತ್ತಿದ್ದಳು. ಬೀದಿ ಮೂಲೆಯ ಡಾಕ್ಟರು ಈಚೆಗೆ ಇವನ ಎದೆಗೆ ಕಿವಿಗೊಟ್ಟು ಎಕ್ಸ್‌ರೇ ಫೋಟೊ ತೆಗೆಸಿ ಅಂದಿದ್ದರು, ಆಯ್ತು ಸಾರ್ ಅಂದು ಬಂದವನು ಆ ಬೀದಿಯನ್ನೇ ಬಿಟ್ಟ, ಬಳಸಿಕೊಂಡು ಹೋಗುತ್ತಾನೆ, ಬಳಸು ದಾರಿಯಲ್ಲಿ ನಿಂತು ನಿಂತು ಹೋಗಬೇಕು. ಭಯವಾಯಿತು. ಬೇರೆ ಹೆಸರಿಲ್ಲ ಅದಕ್ಕೆ, ಭಯವೇ.

ಗೋಡೆಯಾಚೆ ಹೊಲಿಗೆ ಮೆಷಿನ್ನಿನ ಸದ್ದು ನಿಂತದ್ದು ಅವನಿಗೆ ಕೇಳಿಸಲೇ ಇಲ್ಲ, ಹೆಂಡತಿ ಚಹಾ ಹಿಡಿದು ಎದುರಿಗೇ ನಿಂತಿದ್ದಳು, ಕುತ್ತಿಗೆಯಲ್ಲಿ ಅಳತೆ ಟೇಪು, ಯಾಕ್ರೀ ಹೀಗೆ ಬೆವರಿದ್ದೀರಾ, ಅಂದಳು, ಏನಿಲ್ಲ, ಇದನ್ನೊಂದು ಸಲ ಊದು, ಅಂದುಬಿಟ್ಟ, ನಾಲಿಗೆ ತಾನಾಗಿ ಅಂದಿತು, ಬ್ರೆಡ್ಡಿನವನು ನಾಳೆಯೂ ಹೊತ್ತು ನಡೆಯುವುದು ಬೇಡ ಎಂದೋ ಏನೋ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಕೈಲಿ ಪೀಪಿ ಊದಿಸ್ತೀರಾ, ಅಂದಳು, ಸೆರಗಿನಲ್ಲಿ ಕೊಳವೆ ಒರೆಸಿ ಬಾಯಿಗಿಟ್ಟಳು, ಇವನು ತಲೆಕೆಳಗು ಹಿಡಿದು ತೋರಿಸಿದ, ಊದಿದಳು — ಸುಸ್ಸ್ ಎಂದು ಗಾಳಿ ಸೂಜಿಯ ಸುತ್ತ ನುಗ್ಗಿ ಬಂತು, ಬುಸುಗುಟ್ಟಿಕೊಂಡು, ಯಾವ ಕಷ್ಟವೂ ಇಲ್ಲದೆ. ಹೋಗ್ತಾ ಇದೆಯಲ್ರೀ, ಹೋಗಬಾರದಾ, ಅಂದಳು. ಹೋಗಬಾರದು. ಡ್ರಾಯರಿನಿಂದ ಹೊಸ ಸೂಜಿ ತೆಗೆದು ಹಾಕಿ ಮತ್ತೆ ಕೊಟ್ಟ, ಊದಿದಳು, ಕೆನ್ನೆ ಉಬ್ಬಿ ನಿಂತಿತು, ಈಗ ಒಂಚೂರೂ ಹೋಗ್ತಿಲ್ಲ, ಅಂದಳು, ಮುಗಿಯಿತು, ಗಾಡಿ ಸರಿಯಾಯಿತು, ಇನ್ನು ಕೂಡಿಸಿದರೆ ಸಾಕು, ಕೊಡು ಇಲ್ಲಿ ಎಂದು ಕೈ ಚಾಚಿದ. ಕೊಡಲಿಲ್ಲ. ನಿನ್ನೆಯಿಂದ ಊದ್ತಾನೇ ಇದ್ರಲ್ಲ, ಮೆಷಿನ್ ಮುಂದೆ ಕೂತವಳಿಗೆ ಕೇಳಿಸ್ತಿತ್ತು, ಹಳೇ ಸೂಜಿ ನಿಮಗೆ ಗೊತ್ತಾಗಲಿಲ್ವಾ, ಅಂದಳು. ಧೂಳು ಇತ್ತು, ಅಂದ. ನಾನು ಊದಿದ್ರೆ ಗಾಳಿ ಹೋಯ್ತಲ್ಲ, ಅಂದಳು. ಚಹಾ ಆರ್ತಾ ಇದೆ, ಅಂದ. ಅವಳು ಕಾರ್ಬುರೇಟರನ್ನು ನೆಟ್ಟಗೆ ತಿರುಗಿಸಿದಳು, ಫ್ಲೋಟು ಟಕ್ಕೆಂದು ಜೋತುಬಿತ್ತು, ಸೂಜಿ ಬಾಯಿ ಬಿಟ್ಟದ್ದು ಅವಳಿಗೂ ಕಂಡಿತು, ಹೀಗಿಟ್ರೆ ಧಾರಾಳವಾಗಿ ಹೋಗ್ಬೇಕು, ಅಲ್ವಾ, ಕೊಳವೆಯನ್ನು ಅವನ ತುಟಿಯ ಹತ್ತಿರ ತಂದಳು, ಇನ್ನೊಂದು ಅಂಗೈಯನ್ನು ತೂತಿನ ಕೆಳಗೆ ಹರಡಿ ಹಿಡಿದಳು, ಊದಿ, ಅಂದಳು, ಜೋರು ಮಾಡಲಿಲ್ಲ. ಏನೇ ಇದು ಹುಡುಗಾಟ, ಅನ್ನಬೇಕೆಂದುಕೊಂಡ, ಮಂಡಿ ಎನ್ನಬೇಕೆಂದುಕೊಂಡ, ಊದಿದ, ಪಕ್ಕೆ ಚುಚ್ಚಿತು, ಚುಕ್ಕೆಗಳು ಬಂದವು, ಚುಕ್ಕೆಗಳ ನಡುವೆ ಅವಳ ಅಂಗೈ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು, ಬೆರಳ ಸಂದಿಯಲ್ಲಿ ಅಂಟಿದ ಬಿಳಿ ದಾರದ ಎಳೆಯೊಂದು, ಎಷ್ಟು ಹಗುರದ ಎಳೆ, ಅಲ್ಲಾಡಲಿಲ್ಲ, ಇನ್ನೊಂದು ಸಲ ಊದಿ ಅಂದಳು, ಊದಿದ, ಅಂಗೈ ಹಾಗೇ ಇತ್ತು, ಕಾಯುತ್ತಿತ್ತು, ಎಳೆ ಅಲ್ಲಾಡಲಿಲ್ಲ, ಅವಳು ಅವನ ಮುಖ ನೋಡಲಿಲ್ಲ, ಅಂಗೈಯನ್ನೇ ನೋಡುತ್ತಿದ್ದಳು, ಇವನೂ ಅದನ್ನೇ, ಅಂಗೈ, ಬಿಳಿ ಎಳೆ, ಅಂಗೈ —